ರೇಸ್ ಬಿಟ್ಟಾಗ ಮಾತ್ರ ಬರುವ ಸದ್ದು: ಒಂದು ಡೀಸೆಲ್ ಪಿಕಪ್‌ನ ಕೇಸು

ಗಾಡಿ 2.5 ಲೀಟರಿನ, ನಾಲ್ಕು ಸಿಲಿಂಡರಿನ ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಒತ್ತಡದ ಡೀಸೆಲ್ ಹೋಗುವ) ಡೀಸೆಲ್ ಪಿಕಪ್. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆ, ಎಳೆತ ಹಿಂದಿನ ಚಕ್ರಕ್ಕೆ. ಮೀಟರಿನಲ್ಲಿ 1,40,000 ಕಿಲೋಮೀಟರ್ ದಾಟಿತ್ತು. ಮೂಡಿಗೆರೆ ಕಡೆಯಿಂದ ಶುಂಠಿ, ತರಕಾರಿ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ, ಮಂಗಳೂರು ಅಂತ ಓಡುವ ಗಾಡಿ. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಈ ಕಾಯಿಲೆ ಯಾವುದೇ ಒಂದು ಕಂಪನಿಯ ಸೊತ್ತಲ್ಲ.

ಡ್ರೈವರ್ ಹೇಳಿದ್ದು ಇಷ್ಟು. ರೇಸ್ ಕೊಟ್ಟು ಹೋಗುವಾಗ ಗಾಡಿ ಚೆನ್ನಾಗಿದೆ. ಎಳೆತ ಇದೆ, ಹೊಗೆ ಇಲ್ಲ, ಮೈಲೇಜ್ ಕೂಡ ಬಿದ್ದಿಲ್ಲ. ಆದರೆ ಕಾಲು ಎತ್ತಿ ಗಾಡಿ ನಿಧಾನ ಮಾಡಿದರೆ ಎಂಜಿನ್ ಕಡೆಯಿಂದ ಕಟಕಟ ಅಂತ ಶುರು. "ಅಣ್ಣಾ, ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳ್ತದೆ. ಮತ್ತೆ ರೇಸ್ ಕೊಟ್ರೆ ಮಾಯ."

ನಮ್ಮ ಗ್ಯಾರೇಜಿಗೆ ಬರುವ ಮೊದಲೇ ಅವನು ಎರಡು ಕಡೆ ತೋರಿಸಿದ್ದ. ಒಬ್ಬರು ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಹೋಗಿವೆ ಅಂದಿದ್ದರು. ಇನ್ನೊಬ್ಬರು ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿಗೆ ಕೂರುವ ಕಡೆಯದು) ಬಡಿಯುತ್ತಿದೆ, ಎಂಜಿನ್ ಇಳಿಸಬೇಕು, 80 ಸಾವಿರ ಇಟ್ಟುಕೋ ಅಂದಿದ್ದರು. ಎರಡನೆಯವರ ಮಾತನ್ನು ಸುಮ್ನೆ ತಳ್ಳಿಹಾಕುವಂತಿರಲಿಲ್ಲ. ಬಿಗ್ ಎಂಡ್ ಬೇರಿಂಗ್ ಸವೆದರೆ ಸದ್ದು ಎದ್ದು ಕೇಳುವುದು ಸಾಮಾನ್ಯವಾಗಿ ರೇಸ್ ಬಿಟ್ಟ ಆ ಗಳಿಗೆಯಲ್ಲೇ. ಪಿಸ್ಟನ್ ಮೇಲಿನ ಒತ್ತಡ ಸಡಿಲವಾದ ಕೂಡಲೇ ಕನೆಕ್ಟಿಂಗ್ ರಾಡ್ ತನ್ನ ಸಡಿಲದಲ್ಲಿ ಆಡಲು ಶುರು ಮಾಡುತ್ತದೆ. ಹಾಗಾಗಿ ಅನುಮಾನಕ್ಕೆ ಆಧಾರ ಇತ್ತು. ಅದನ್ನು ಪರೀಕ್ಷೆ ಮಾಡಿ ನೋಡಿರಲಿಲ್ಲ, ಅಷ್ಟೇ.

ಪಾನ ಹಿಡಿಯುವ ಮೊದಲು

ಸದ್ದಿನ ಕೇಸಿನಲ್ಲಿ ಬಾನೆಟ್ ಎತ್ತುವ ಮೊದಲು ಡ್ರೈವರನ್ನು ಕೂರಿಸಿ ಮಾತಾಡಿಸಬೇಕು. ಸದ್ದು ಎಲ್ಲಿಂದ ಬರುತ್ತದೆ ಅಂತ ಅವನನ್ನು ಕೇಳಿ ಪ್ರಯೋಜನ ಇಲ್ಲ. ಕಬ್ಬಿಣದೊಳಗೆ ಸದ್ದು ಓಡಾಡುತ್ತದೆ, ಮುಂದೆ ಹುಟ್ಟಿದ್ದು ಹಿಂದೆ ಕೇಳುತ್ತದೆ. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ, ಅದನ್ನು ಕೇಳಬೇಕು. ನನಗೆ 'ಬರುವುದಿಲ್ಲ' ಅನ್ನುವ ಉತ್ತರವೇ ಜಾಸ್ತಿ ಬೆಲೆಯದು.

ಬೆಳಿಗ್ಗೆ ತಣ್ಣಗಿರುವಾಗಲೂ ಬರುತ್ತದಾ? ಬರುತ್ತದೆ. ಬಿಸಿಯಾದ ಮೇಲೆ? ಆಗಲೂ. ಲೋಡ್ ಇದ್ದಾಗ, ಇಲ್ಲದಾಗ? ಎರಡೂ ಒಂದೇ. ಬ್ರೇಕ್ ತುಳಿದರೆ ಬದಲಾಗುತ್ತದಾ? ಇಲ್ಲ. ಎಂಜಿನ್ ಆಫ್ ಮಾಡುವಾಗ? "ಟಕ್ ಅಂತ ಒಂದು ಹೊಡೆತ ಬರ್ತದೆ ಅಣ್ಣ, ಮುಂಚೆ ಇರ್ಲಿಲ್ಲ." ಎಂಜಿನ್ ಕೆಲಸ ಏನಾದರೂ ಮಾಡಿಸಿದ್ದೀಯಾ? ಏನೂ ಇಲ್ಲ.

ಹೊರಡುವ ಹೊತ್ತಿಗೆ ಅವನೇ ಇನ್ನೊಂದು ಮಾತು ಸೇರಿಸಿದ. ರಾತ್ರಿ ಹೊತ್ತು ಸದ್ದು ಅಷ್ಟು ಇರುವುದಿಲ್ಲವಂತೆ. ಇದನ್ನು ಬೇರೆಯವರಿಗೂ ಹೇಳಿದ್ದನಂತೆ. ರಾತ್ರಿ ತಂಪು ಅಲ್ವಾ, ಅದಕ್ಕೆ ಅಂದರಂತೆ. ಆದರೆ ಬೆಳಿಗ್ಗೆ ತಣ್ಣಗಿರುವಾಗ ಸದ್ದು ಇದೆ ಅಂತ ಅವನೇ ಹೇಳಿದ್ದಾನೆ. ಹಾಗಾದರೆ ತಂಪು ಕಾರಣ ಅಲ್ಲ. ರಾತ್ರಿ ಗಾಡಿಯಲ್ಲಿ ಬೇರೆ ಏನು ಬದಲಾಗುತ್ತದೆ? ಹೆಡ್‌ಲೈಟ್ ಹಾಕಿರುತ್ತಾರೆ. ಈ ಮಾತನ್ನು ಕಾಗದದಲ್ಲಿ ಬರೆದಿಟ್ಟುಕೊಂಡೆ. ಅದರ ಅರ್ಥ ಆಮೇಲೆ ಬಿಡಿಸಿತು.

ನಿಧಾನ ಅಂದರೆ ಯಾವ ನಿಧಾನ?

ಡೀಸೆಲ್ ಗಾಡಿ ನಿಧಾನ ಆಗುವಾಗ ಒಳಗೆ ಹಲವು ಸಂಗತಿ ಒಟ್ಟಿಗೆ ನಡೆಯುತ್ತವೆ. ಇಂಧನ ನಿಲ್ಲುತ್ತದೆ. ಎಂಜಿನ್ ಚಕ್ರವನ್ನು ತಿರುಗಿಸುವ ಬದಲು ಚಕ್ರ ಎಂಜಿನನ್ನು ತಿರುಗಿಸುತ್ತದೆ. ಎಂಜಿನ್ ತಾನು ಕೂತಿರುವ ರಬ್ಬರ್ ಮೌಂಟಿನ ಮೇಲೆ ಇನ್ನೊಂದು ಕಡೆಗೆ ವಾಲುತ್ತದೆ. ಟರ್ಬೊ ಒತ್ತಡ ಇಳಿಯುತ್ತದೆ. ಆರ್‌ಪಿಎಂ ಕೂಡ ಇಳಿಯುತ್ತದೆ. ಇದರಲ್ಲಿ ಯಾವುದಕ್ಕೆ ಸದ್ದು ಅಂಟಿಕೊಂಡಿದೆ ಅಂತ ಬಿಡಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇದಕ್ಕೆ ಘಾಟಿಗಿಂತ ಒಳ್ಳೆಯ ಜಾಗ ಇಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಲು ಶುರು ಮಾಡಿದೆವು. ಸ್ವಲ್ಪ ನೇರ ಇರುವ ಕಡೆ ಮೂರನೇ ಗೇರಿನಲ್ಲಿ ಕಾಲು ಪೂರ್ತಿ ಎತ್ತಿ, ಗಾಡಿ ತನ್ನಷ್ಟಕ್ಕೆ ಇಳಿಯಲು ಬಿಟ್ಟೆವು. ಆರ್‌ಪಿಎಂ 2000ದ ಆಸುಪಾಸಿನಲ್ಲಿ ಒಂದೇ ಸಮ ನಿಂತಿತ್ತು. ರೇಸ್ ಇಲ್ಲ, ಚಕ್ರವೇ ಎಂಜಿನನ್ನು ದೂಡುತ್ತಿದೆ. ಆದರೂ ಸದ್ದಿಲ್ಲ. ತಿರುವು ಬಂತು, ಬ್ರೇಕ್ ಹಾಕಿದಾಗ ಆರ್‌ಪಿಎಂ 1200ಕ್ಕೆ ಇಳಿಯಿತು. ಕಟಕಟಕಟ. ಮುಂದಿನ ತಿರುವಿನಲ್ಲೂ ಹಾಗೇ.

ಇದರಿಂದ ತುಂಬಾ ವಿಷಯ ತಿಳಿಯಿತು. ಹಿಂದಿನ ಆಕ್ಸಲ್ಲಿನ ಹಲ್ಲು ಚಕ್ರ, ಅಂದರೆ ಕ್ರೌನ್ ಪಿನಿಯನ್ ಸವೆದಿದ್ದರೆ ರೇಸ್ ಬಿಟ್ಟು ಇಳಿಯುವಷ್ಟು ಹೊತ್ತೂ ಅದರ ಹೌಸಿಂಗ್ ಊಳಿಡುತ್ತಿತ್ತು, ಯಾಕೆಂದರೆ ಆಗ ಹಲ್ಲಿನ ಇನ್ನೊಂದು ಮುಖಕ್ಕೆ ಭಾರ ಬೀಳುತ್ತದೆ. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಜಾಯಿಂಟ್ ಕ್ರಾಸ್ ಹೋಗಿದ್ದರೆ ಕಾಲು ಎತ್ತಿದಾಗ ಒಂದು, ಮತ್ತೆ ಕೊಟ್ಟಾಗ ಒಂದು, ಎರಡು ಪೆಟ್ಟು ಕೇಳಬೇಕಿತ್ತು. ಎಂಜಿನ್ ಮೌಂಟ್ ಹರಿದಿದ್ದರೂ ಬಹುಮಟ್ಟಿಗೆ ಅದೇ ಕಥೆ. ಇಲ್ಲಿ ಸದ್ದು ರೇಸ್ ಬಿಟ್ಟಿದ್ದಕ್ಕೆ ಅಲ್ಲ, ಆರ್‌ಪಿಎಂ ಬೀಳುವುದಕ್ಕೆ ಅಂಟಿಕೊಂಡಿತ್ತು. ಎರಡೂ ಸಾಮಾನ್ಯವಾಗಿ ಜೊತೆಯಲ್ಲೇ ಆಗುತ್ತವೆ, ಅದಕ್ಕೇ ಸಮತಟ್ಟು ರಸ್ತೆಯಲ್ಲಿ ಓಡಿಸಿ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಾದರೆ ಗಾಡಿ ಓಡಲೇಬೇಕಾಗಿಲ್ಲ. ರಸ್ತೆ ಪಕ್ಕ ನಿಲ್ಲಿಸಿ, ನ್ಯೂಟ್ರಲ್ ಮಾಡಿ, 2500ರವರೆಗೆ ರೇಸ್ ಕೊಟ್ಟು ಒಮ್ಮೆಲೇ ಬಿಟ್ಟೆವು. ಬಂತು. ಡ್ರೈವರ್ ಮುಖ ನೋಡಬೇಕಿತ್ತು. ನಿಂತ ಗಾಡಿಯಲ್ಲೂ ಬರುತ್ತದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಕ್ಲಚ್ ತುಳಿದು ಇನ್ನೊಮ್ಮೆ ಮಾಡಿದೆವು. ಆಗಲೂ ಬಂತು. ಗೇರ್ ಬಾಕ್ಸ್, ಶಾಫ್ಟ್, ಹೌಸಿಂಗ್ ಎಲ್ಲ ಪಟ್ಟಿಯಿಂದ ಹೊರಗೆ ಹೋದವು. ಉಳಿದದ್ದು ಎಂಜಿನ್, ಅದರ ಹಿಂದಿನ ಭಾರದ ಚಕ್ರವಾದ ಫ್ಲೈವೀಲ್, ಮತ್ತು ಎಂಜಿನ್ನಿಗೆ ನೇತಾಡುವ ಸಾಮಾನುಗಳು.

ಇಂಜೆಕ್ಟರ್ ಅಲ್ಲ ಅಂತ ಹೇಗೆ ಗೊತ್ತು

ಗ್ಯಾರೇಜಿಗೆ ಬಂದು ಸ್ಕ್ಯಾನರ್ ಹಾಕಿದೆವು. ಎರರ್ ಕೋಡ್ ಒಂದೂ ಇರಲಿಲ್ಲ. ಅದು ನಮಗೆ ಬೇಕಾಗಿಯೂ ಇರಲಿಲ್ಲ. ಸದ್ದಿಗೆ ಕೋಡ್ ಬರುವುದು ಅಪರೂಪ. ನೋಡಬೇಕಾಗಿದ್ದದ್ದು ಲೈವ್ ಡೇಟಾ. ಅದರಲ್ಲಿ ಪ್ರತಿ ಸ್ಟ್ರೋಕಿಗೆ ಎಷ್ಟು ಡೀಸೆಲ್ ಸಿಂಪಡಿಸುತ್ತಿದೆ ಅಂತ ಮಿಲಿಗ್ರಾಂ ಲೆಕ್ಕದಲ್ಲಿ ಒಂದು ಸಾಲು ಇರುತ್ತದೆ. ರೇಸ್ ಬಿಟ್ಟ ಕೂಡಲೇ ಆ ಸಾಲು ಸೊನ್ನೆಗೆ ಬಿತ್ತು. ಐಡಲ್ (ರೇಸ್ ಕೊಡದೆ ಎಂಜಿನ್ ಓಡುವ ವೇಗ) ಹತ್ತಿರ ಬಂದ ಮೇಲೆ ಮತ್ತೆ ಏರಿತು. ಕಾಮನ್ ರೈಲ್ ಎಂಜಿನ್ನುಗಳು ಹೀಗೇ ಕೆಲಸ ಮಾಡುವುದು, ಕಾಲು ಎತ್ತಿದರೆ ಡೀಸೆಲ್ ಪೂರ್ತಿ ಬಂದ್.

ಕಟಕಟ ಬಂದದ್ದು ಸರಿಯಾಗಿ ಆ ಸೊನ್ನೆಯ ಹೊತ್ತಿನಲ್ಲಿ. ಡೀಸೆಲ್ಲೇ ಬೀಳದ ಸಿಲಿಂಡರಿನಲ್ಲಿ ಉರಿಯುವುದಕ್ಕೆ ಏನಿದೆ? ಇಂಜೆಕ್ಟರ್ ಕೆಟ್ಟು ಬರುವ ಬಡಿತ ಉರಿಯ ಬಡಿತ. ರೇಸ್ ಕೊಟ್ಟಾಗ, ಲೋಡ್ ಬಿದ್ದಾಗ, ಐಡಲ್‌ನಲ್ಲಿ ಕೇಳುತ್ತದೆ, ಕಾಲು ಎತ್ತಿದರೆ ಮಾಯವಾಗಬೇಕು. ನಮ್ಮ ಗಾಡಿಯಲ್ಲಿ ಉಲ್ಟಾ. ನಾಲ್ಕು ಇಂಜೆಕ್ಟರ್ ಹಾಕಿಸಿಬಿಟ್ಟಿದ್ದರೆ ದುಡ್ಡೂ ಹೋಗುತ್ತಿತ್ತು, ಸದ್ದೂ ಉಳಿಯುತ್ತಿತ್ತು. ಸ್ಕ್ಯಾನರ್ ಇಲ್ಲದವರೂ ಇಷ್ಟನ್ನು ತರ್ಕದಿಂದ ಹೇಳಬಹುದು.

ಟರ್ಬೊ ಬಗ್ಗೆ ಡ್ರೈವರಿಗೆ ಭಯ ಇತ್ತು. ಹೋಸ್ ಬಿಚ್ಚಿ ಶಾಫ್ಟಿನ ಆಟ ನೋಡಿದೆವು, ಸರಿಯಿತ್ತು. ಟರ್ಬೊ ಸದ್ದು ಗಾಳಿಯ ಸದ್ದು, ಸಿಳ್ಳೆಯೋ ಫಡಫಡವೋ ಇರುತ್ತದೆ. ಇದು ಲೋಹದ್ದು.

ಬಿಗ್ ಎಂಡ್ ಬೇರಿಂಗ್ ಅನುಮಾನ ಹಾಗೇ ಉಳಿದಿತ್ತು. ಆಯಿಲ್ ಪ್ರೆಶರ್ ಸ್ವಿಚ್ ತೆಗೆದು ಅಲ್ಲಿಗೆ ಗೇಜ್ ಹಾಕಿದೆವು. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಐಡಲ್‌ನಲ್ಲಿ, ರೇಸಿನಲ್ಲಿ ಎರಡರಲ್ಲೂ ಪ್ರೆಶರ್ ಕಂಪನಿ ಹೇಳಿದ ಅಳತೆಯೊಳಗೇ ಇತ್ತು. ಆಮೇಲೆ ಆಯಿಲ್ ಫಿಲ್ಟರ್ ಬಿಚ್ಚಿ, ಡಬ್ಬ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಬಿಸಿಲಿಗೆ ಹಿಡಿದೆವು. ಬೇರಿಂಗ್ ತಿನ್ನುತ್ತಿದ್ದರೆ ಆ ಮಡಿಕೆಗಳಲ್ಲಿ ತಾಮ್ರದ ಬಣ್ಣದ, ಬೆಳ್ಳಿ ಬಣ್ಣದ ಪುಡಿ ಮಿನುಗುತ್ತದೆ. ಇಲ್ಲಿ ಇದ್ದದ್ದು ಡೀಸೆಲ್ ಎಂಜಿನ್ನಿನ ಮಾಮೂಲಿ ಕಪ್ಪು ಮಸಿ ಮಾತ್ರ. ಫಿಲ್ಟರ್ ಕತ್ತರಿಸಿ ನೋಡುವುದಕ್ಕೆ ಕಾಲು ಗಂಟೆ ಸಾಕು, ಖರ್ಚು ಒಂದು ಹೊಸ ಫಿಲ್ಟರಿನದು. ಎಂಜಿನ್ ಇಳಿಸಿ ಅನ್ನುವ ಮೊದಲು ಇಷ್ಟು ಮಾಡದವರ ಮಾತನ್ನು ನಾನು ನಂಬುವುದಿಲ್ಲ.

ಬೆಲ್ಟ್ ಬಿಚ್ಚಿದಾಗ

ಸ್ಟೆತಾಸ್ಕೋಪ್ ಇಟ್ಟು ಕೇಳಿದರೆ ಸದ್ದು ಎಂಜಿನ್ನಿನ ಮುಂಭಾಗದಲ್ಲಿ ಜೋರು. ವಾಲ್ವ್ ಆಡಿಸುವ ಚೈನಿನ ಮುಚ್ಚಳ, ಅಂದರೆ ಟೈಮಿಂಗ್ ಕವರ್ ಮೇಲೆ ಇಟ್ಟರಂತೂ ಒಳಗೆ ಚೈನೇ ಬಡಿಯುತ್ತಿದೆಯೇನೋ ಅನ್ನಿಸುವಷ್ಟು. ಇಲ್ಲಿ ಮೋಸ ಹೋಗುವುದು ಸುಲಭ. ಟೈಮಿಂಗ್ ಕವರ್ ತೆಳುವಾದ ದೊಡ್ಡ ತಗಡು, ಪಕ್ಕದಲ್ಲಿ ಏನೇ ಬಡಿದರೂ ತಾನೂ ಬಡಿಯುತ್ತದೆ.

ಮುಂಭಾಗದಲ್ಲಿ ಅನುಮಾನ ಬಂದರೆ ಮೊದಲು ಮಾಡಬೇಕಾದ್ದು ಬೆಲ್ಟ್ ಬಿಚ್ಚುವುದು. ಈ ಗಾಡಿಯಲ್ಲಿ ಒಂದೇ ಉದ್ದನೆಯ ಪಟ್ಟಿ ಬೆಲ್ಟ್ ಕರೆಂಟ್ ಕೊಡುವ ಡೈನಮೋ (ಆಲ್ಟರ್ನೇಟರ್), ವಾಟರ್ ಪಂಪ್, ಪವರ್ ಸ್ಟೀರಿಂಗ್ ಪಂಪ್ ಮೂರನ್ನೂ ತಿರುಗಿಸುತ್ತದೆ. ಬೆಲ್ಟ್ ತೆಗೆದು, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ರೇಸ್ ಕೊಟ್ಟು ಬಿಟ್ಟೆವು. ಸದ್ದಿಲ್ಲ. ಇನ್ನೊಮ್ಮೆ. ಇಲ್ಲವೇ ಇಲ್ಲ. ತಕ್ಷಣ ಆಫ್ ಮಾಡಿದೆವು. ವಾಟರ್ ಪಂಪ್ ತಿರುಗದೆ ಎಂಜಿನ್ ಓಡುತ್ತಿರುತ್ತದೆ, ಒಂದು ನಿಮಿಷಕ್ಕಿಂತ ಜಾಸ್ತಿ ಹಾಗೆ ಬಿಡಬಾರದು.

ಚೈನ್, ಬಿಗ್ ಎಂಡ್, ಫ್ಲೈವೀಲ್ ಎಲ್ಲವೂ ಅಲ್ಲಿಗೆ ಮುಗಿದವು. ಬೆಲ್ಟ್ ಇಲ್ಲದಿದ್ದರೂ ಅವು ತಿರುಗುತ್ತಲೇ ಇದ್ದವು, ಆದರೂ ಸದ್ದಿರಲಿಲ್ಲ.

ಬೆಲ್ಟ್ ಮತ್ತೆ ಹಾಕಿ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದೆವು. ನನ್ನ ಹುಡುಗನ ಐಡಿಯಾ ಅದು, ಒಳ್ಳೆಯ ಐಡಿಯಾ. ಬೆಲ್ಟನ್ನು ಬಿಗಿಯಾಗಿ ಇಡುವ ಟೆನ್ಷನರ್ ತೋಳಿನ ಮೇಲೆ ಟಾರ್ಚ್ ಬಿಟ್ಟು ಹಿಡಿದ. ರೇಸ್ ಏರುವಾಗ ತೋಳು ಬಹುತೇಕ ನಿಂತೇ ಇದೆ. ಬಿಟ್ಟ ಕೂಡಲೇ ತೋಳು ಹಿಂದಕ್ಕೆ ಚಿಮ್ಮುತ್ತದೆ, ಸ್ಟಾಪರಿಗೆ ಬಡಿಯುತ್ತದೆ, ವಾಪಸ್ ಬರುತ್ತದೆ, ಮತ್ತೆ ಬಡಿಯುತ್ತದೆ. ಕಟಕಟದ ಒಂದೊಂದು ಪೆಟ್ಟೂ ಕಣ್ಣಿಗೆ ಕಾಣುತ್ತಿತ್ತು. ಬಿಚ್ಚಿ ನೋಡಿದಾಗ ಸ್ಟಾಪರಿನ ಅಂಚಿನಲ್ಲಿ ಬಡಿದು ಬಡಿದು ಹೊಳಪು ಬಂದ ಒಂದು ತಗ್ಗು ಬಿದ್ದಿತ್ತು. ತೋಳಿನ ಬುಶ್ ಕೂಡ ಸವೆದು ಆಡುತ್ತಿತ್ತು.

ಇಲ್ಲಿಗೇ ಟೆನ್ಷನರ್ ಬದಲಾಯಿಸಿ ಗಾಡಿ ಕಳಿಸುವವರು ಬಹಳ ಜನ. ಕೆಲವು ತಿಂಗಳು ಸುಮ್ಮನಿರುತ್ತದೆ, ಆಮೇಲೆ ಹೊಸದೂ ಹಾಗೇ ಆಗುತ್ತದೆ. ಟೆನ್ಷನರ್ ಹೊಡೆತ ತಿನ್ನುತ್ತಿದೆ, ಸರಿ. ಹೊಡೆಯುತ್ತಿರುವುದು ಯಾರು?

ಡೈನಮೋ ಪುಲ್ಲಿ

ಈ ಎಂಜಿನ್ನಿನ ಡೈನಮೋ ಮೇಲೆ ಸಾದಾ ಪುಲ್ಲಿ ಇಲ್ಲ, ಒನ್ ವೇ ಪುಲ್ಲಿ ಇದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಮುಂದೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ ಅಷ್ಟೇ. ಒಳಗೆ ಸಣ್ಣ ರೋಲರುಗಳ ಕ್ಲಚ್. ಬೆಲ್ಟ್ ಎಳೆದಾಗ ಹಿಡಿದುಕೊಂಡು ಡೈನಮೋ ತಿರುಗಿಸುತ್ತದೆ. ಬೆಲ್ಟ್ ನಿಧಾನವಾದರೆ ಬಿಟ್ಟುಕೊಡುತ್ತದೆ, ಡೈನಮೋ ತನ್ನ ವೇಗದಲ್ಲಿ ಸ್ವಲ್ಪ ಹೊತ್ತು ತಿರುಗಿ ತಾನೇ ಇಳಿಯುತ್ತದೆ.

ಯಾಕೆ ಬೇಕು ಇದು? ಕ್ರ್ಯಾಂಕ್ ಪುಲ್ಲಿ ದೊಡ್ಡದು, ಡೈನಮೋ ಪುಲ್ಲಿ ಚಿಕ್ಕದು. ಎಂಜಿನ್ 2500ರಲ್ಲಿ ಇದ್ದರೆ ಡೈನಮೋ ಹತ್ತಿರ ಹತ್ತಿರ ಮೂರು ಪಟ್ಟು, ಅಂದರೆ 7000ದ ಮೇಲೆ ತಿರುಗುತ್ತಿರುತ್ತದೆ. ಅದರೊಳಗಿನ ರೋಟರ್ ಕಬ್ಬಿಣ, ತಾಮ್ರ ಸುತ್ತಿದ ಗಟ್ಟಿ ತೂಕ. ಎಂಜಿನ್ ಗಕ್ಕನೆ ಇಳಿದರೂ ಆ ರೋಟರ್ ಅಷ್ಟು ಬೇಗ ಇಳಿಯಲು ಒಪ್ಪುವುದಿಲ್ಲ. ಜೊತೆಗೆ ಡೀಸೆಲ್ ಎಂಜಿನ್ ಯಾವತ್ತೂ ಒಂದೇ ಸಮ ತಿರುಗುವುದಿಲ್ಲ. ನಾಲ್ಕು ಸಿಲಿಂಡರ್ ಎಂಜಿನ್ 800 ಆರ್‌ಪಿಎಂ ಐಡಲ್‌ನಲ್ಲಿ ಸೆಕೆಂಡಿಗೆ ಸುಮಾರು 27 ಸಲ ಬಡಿಯುತ್ತದೆ, ಪ್ರತಿ ಬಡಿತಕ್ಕೂ ಕ್ರ್ಯಾಂಕ್ ಒಮ್ಮೆ ಜಿಗಿದು ಒಮ್ಮೆ ತಡೆಯುತ್ತದೆ. ಈ ಜಗ್ಗಾಟ ಬೆಲ್ಟಿಗೆ ತಟ್ಟದ ಹಾಗೆ ನೋಡಿಕೊಳ್ಳುವುದು ಒನ್ ವೇ ಪುಲ್ಲಿ.

ಅದು ಜಾಮ್ ಆದರೆ? ರೇಸ್ ಕೊಡುವಾಗ ಏನೂ ಗೊತ್ತಾಗುವುದಿಲ್ಲ, ಆಗ ಹೇಗೂ ಅದು ಹಿಡಿದುಕೊಂಡೇ ಇರಬೇಕು. ಆರ್‌ಪಿಎಂ ಬಿದ್ದಾಗ ಮಾತ್ರ ರೋಟರ್ ಬೆಲ್ಟನ್ನು ಎಳೆಯಲು ಶುರು ಮಾಡುತ್ತದೆ. ಬೆಲ್ಟಿನ ಸಡಿಲ ಇದ್ದ ಕಡೆ ಬಿಗಿಯಾಗುತ್ತದೆ, ಬಿಗಿ ಇದ್ದ ಕಡೆ ಸಡಿಲವಾಗುತ್ತದೆ. ಟೆನ್ಷನರ್ ಕೂತಿರುವುದು ಸಡಿಲದ ಕಡೆ. ಅದಕ್ಕೆ ಹೊಡೆತ. ಆಫ್ ಮಾಡುವಾಗಿನ ಟಕ್ ಕೂಡ ಇದೇ.

ರಾತ್ರಿಯ ಒಗಟು ಇಲ್ಲೇ ಬಿಡಿಸಿತು. ಹೆಡ್‌ಲೈಟ್ ಹಾಕಿದರೆ ಡೈನಮೋ ಕರೆಂಟ್ ಕೊಡಬೇಕು. ಕರೆಂಟ್ ಕೊಡುವ ಡೈನಮೋ ತಿರುಗಲು ಭಾರ, ಹಾಗಾಗಿ ರೋಟರ್ ಬೇಗ ಇಳಿಯುತ್ತದೆ, ಬೆಲ್ಟನ್ನು ಎಳೆಯುವುದು ಕಡಿಮೆ. ಪರೀಕ್ಷೆಗೆ ಅಂತ ಹಗಲಲ್ಲೇ ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ ರೇಸ್ ಬಿಟ್ಟೆವು. ಸದ್ದು ಪೂರ್ತಿ ಹೋಗಲಿಲ್ಲ, ಆದರೆ ಇಳಿದದ್ದು ಡ್ರೈವರಿಗೇ ಕೇಳಿಸಿತು. "ನಾನು ಹೇಳ್ಲಿಲ್ವಾ ಅಣ್ಣಾ!" ಹೌದು ಮಾರಾಯ, ನೀನು ಹೇಳಿದ್ದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಬೆಲ್ಟ್ ತೆಗೆದು, ಡೈನಮೋ ರೋಟರ್ ತಿರುಗದ ಹಾಗೆ ಹಿಡಿದು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಒಂದು ಕಡೆ ಹಿಡಿಯಬೇಕು, ಇನ್ನೊಂದು ಕಡೆ ನುಣ್ಣಗೆ ಜಾರಬೇಕು. ಇದು ಎರಡೂ ಕಡೆ ಹಿಡಿಯುತ್ತಿತ್ತು. ಮುಂದಿನ ಪ್ಲಾಸ್ಟಿಕ್ ಮುಚ್ಚಳ ಇರಲೇ ಇಲ್ಲ. ತೂತಿನೊಳಗೆ ಬೆರಳು ಹಾಕಿದರೆ ಇಟ್ಟಿಗೆ ಬಣ್ಣದ ತುಕ್ಕು, ಹಳೆ ಗ್ರೀಸು ಸೇರಿ ಅಂಟಂಟು. ಮಲೆನಾಡಿನ ಮಳೆಗಾಲದ ನೀರು, ಕೆಸರು ನೇರ ಒಳಗೆ ಹೋಗಿದೆ.

"ಡೈನಮೋ ಯಾವಾಗ ಬಿಚ್ಚಿಸಿದ್ದು?"

"ಮಳೆ ಶುರುವಾಗೋ ಮೊದಲು. ಬೇರಿಂಗ್ ಹಾಕ್ಸಿದ್ದೆ."

"ಎಂಜಿನ್ ಕೆಲಸ ಏನೂ ಮಾಡಿಸಿಲ್ಲ ಅಂದಿದ್ದೆ?"

"ಡೈನಮೋ ಎಂಜಿನ್ ಅಲ್ವಲ್ಲ ಅಣ್ಣ, ಅದು ಕರೆಂಟಿಂದು."

ಅವನ ಲೆಕ್ಕದಲ್ಲಿ ಅದೂ ಸರಿಯೇ. ಅಲ್ಲಿ ಬೇರಿಂಗ್ ಹಾಕಿದವರು ಮುಚ್ಚಳ ವಾಪಸ್ ಹಾಕಿರಲಿಲ್ಲ, ಅಷ್ಟೇ ಆಗಿದ್ದು. ಆ ಮುಚ್ಚಳ ಕಿತ್ತರೆ ಎಷ್ಟೋ ಸಲ ಮುರಿಯುತ್ತದೆ. ಹೊಸ ಪುಲ್ಲಿಯ ಜೊತೆ ಹೊಸದು ಬರುತ್ತದೆ, ಬೇರಿಂಗಿನ ಜೊತೆ ಬರುವುದಿಲ್ಲ.

ಬದಲಾಯಿಸಿದ್ದು, ಉಳಿದದ್ದು

ಪುಲ್ಲಿ, ಟೆನ್ಷನರ್, ಬೆಲ್ಟ್ ಮೂರೂ ಹೊಸದು ಹಾಕಿದೆವು. ಬೆಲ್ಟಿನ ಅಂಚು ಆಗಲೇ ನಾರು ನಾರಾಗಿತ್ತು. ಪುಲ್ಲಿ ಬಿಚ್ಚುವುದಕ್ಕೆ ಒಳಗಿನ ಶಾಫ್ಟ್ ಹಿಡಿಯುವ ಬಿಟ್, ಹೊರಗಿನ 33 ಹಲ್ಲಿನ ಸಾಕೆಟ್ ಬೇಕು. ಅದಿಲ್ಲದೆ ಚೈನ್ ಪಾನ ಹಾಕಿ ಎಳೆದರೆ ಪುಲ್ಲಿಯಲ್ಲಿ ಬೆಲ್ಟ್ ಕೂರುವ ಗೆರೆಗಳು ಹಾಳು, ಕೆಲವು ಸಲ ಡೈನಮೋ ಶಾಫ್ಟೇ ಹಾಳು. ಎಲ್ಲ ಸೇರಿ ಖರ್ಚು ಹತ್ತು ಸಾವಿರದೊಳಗೆ ಮುಗಿಯಿತು.

ಡ್ರೈವರ್ ಒಂದು ಪ್ರಶ್ನೆ ಕೇಳಿದ. ಒನ್ ವೇ ಯಾಕೆ, ಸಾದಾ ಪುಲ್ಲಿ ಹಾಕಿದರೆ ಇನ್ನೂ ಕಡಿಮೆಗೆ ಆಗುತ್ತದಲ್ಲ? ಹಾಗೆ ಮಾಡುವವರು ಇದ್ದಾರೆ. ಜಾಮ್ ಆದ ಪುಲ್ಲಿಗೆ ವೆಲ್ಡಿಂಗ್ ಹೊಡೆದು ಕಳಿಸುವುದನ್ನೂ ನೋಡಿದ್ದೇನೆ. ಆದರೆ ಜಾಮ್ ಆದ ಒನ್ ವೇ ಪುಲ್ಲಿ ಅಂದರೇನೇ ಸಾದಾ ಪುಲ್ಲಿ ಅಲ್ವಾ? ಈಗ ಅನುಭವಿಸುತ್ತಿರುವುದನ್ನೇ ದುಡ್ಡು ಕೊಟ್ಟು ಮತ್ತೆ ಹಾಕಿಸಿದ ಹಾಗಾಗುತ್ತದೆ. ಟೆನ್ಷನರ್ ಮುರಿದು ಬೆಲ್ಟ್ ಹಾರಿದರೆ ಈ ಗಾಡಿಯಲ್ಲಿ ಚಾರ್ಜಿಂಗ್, ವಾಟರ್ ಪಂಪ್, ಪವರ್ ಸ್ಟೀರಿಂಗ್ ಮೂರೂ ಒಟ್ಟಿಗೆ ಹೋಗುತ್ತವೆ. ಲೋಡ್ ತುಂಬಿದ ಗಾಡಿ ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿರುವಾಗ ಸ್ಟೀರಿಂಗ್ ಕಲ್ಲಾಗುವುದು ಬೇಡ.

ಹೊಸ ಪುಲ್ಲಿ ಹಾಕಿ 2500ರಿಂದ ರೇಸ್ ಬಿಟ್ಟೆವು. ಕಟಕಟ ಹೋಗಿತ್ತು. ಎಂಜಿನ್ ಆಫ್ ಮಾಡಿದಾಗ ಮಾತ್ರ ಡೈನಮೋ ಕಡೆಯಿಂದ ಅರೆಗಳಿಗೆ ಸುಂಯ್ ಅಂತ ಕೇಳಿತು. ಡ್ರೈವರ್ ಗಾಬರಿಯಾದ. ಅದು ಸರಿಯಾದ ಸದ್ದು, ಎಂಜಿನ್ ನಿಂತ ಮೇಲೂ ರೋಟರ್ ಬಿಡುಬೀಸಾಗಿ ತಿರುಗುತ್ತಿದೆ ಅಂತ ಅರ್ಥ. ಅದು ಗರಗರ ಅಂತ ಒರಟಾಗಿ ಕೇಳಲು ಶುರುವಾದರೆ ಪುಲ್ಲಿಯ ಬೇರಿಂಗ್ ನೋಡಿಸಬೇಕು.

ಆದರೆ ಓಡಿಸಿ ನೋಡಿದಾಗ 1400ರ ಹತ್ತಿರ ತೆಳ್ಳಗೆ ಜ್ರ್ ಅನ್ನುವ ಇನ್ನೊಂದು ಸದ್ದು ಉಳಿದಿತ್ತು. ದೊಡ್ಡ ಸದ್ದಿನ ಅಡಿಯಲ್ಲಿ ಇಷ್ಟು ದಿನ ಮುಚ್ಚಿಹೋಗಿತ್ತು. ಅದು ಸೈಲೆನ್ಸರ್ ಪೈಪಿನ ಮೇಲಿನ ಶಾಖ ತಡೆಯುವ ತಗಡು. ಬೋಲ್ಟಿನ ತೂತು ತುಕ್ಕು ತಿಂದು ದೊಡ್ಡದಾಗಿತ್ತು, ಅಗಲ ವಾಷರ್ ಹಾಕಿ ಬಿಗಿ ಮಾಡಿದೆವು. ಇದನ್ನು ಬಿಟ್ಟು ಕಳಿಸಿದ್ದರೆ ಸದ್ದು ಹೋಗಿಲ್ಲ ಅಂತ ಮಾರನೇ ದಿನ ಅವನು ವಾಪಸ್ ಬರುತ್ತಿದ್ದ, ತಪ್ಪೇನೂ ಇಲ್ಲ.

ಇನ್ನು ಮುಂದೆ ಬೆಲ್ಟ್ ಬಿಚ್ಚಿದಾಗಲೆಲ್ಲ ಪುಲ್ಲಿಯನ್ನು ಎರಡೂ ಕಡೆ ತಿರುಗಿಸಿ ನೋಡಲು ಹೇಳು, ಡೈನಮೋ ರಿಪೇರಿಗೆ ಕೊಟ್ಟರೆ ಮುಚ್ಚಳ ಇದೆಯಾ ಅಂತ ನೀನೇ ಬಗ್ಗಿ ನೋಡು ಅಂತ ಡ್ರೈವರಿಗೆ ಹೇಳಿದೆ. ಹಳೆಯ ಪುಲ್ಲಿಯನ್ನು ಅವನು ಪೇಪರಿನಲ್ಲಿ ಸುತ್ತಿಕೊಂಡು ಹೋದ. ಎಂಜಿನ್ ಇಳಿಸಬೇಕು ಅಂದವರಿಗೆ ತೋರಿಸಬೇಕಂತೆ.